ಅಂಗಿಗೆ ಆರಿಸಿದ ಪಾದ್ರಿ

ನಮ್ಮ ಬೆಟಗೇರಿಯ ಸಭೆಗೆ ಪಾದ್ರಿಯನ್ನು ಆರಿಸಿಕೊಟ್ಟದ್ದು ಒಂದು ಅಂಗಿ. ಕೇಳಿದವರು ನಗುತ್ತಾರೆ. ನಗಲಿ. ನಾನು ಅಲ್ಲೇ ಇದ್ದೆ, ಕಣ್ಣಾರೆ ಕಂಡೆ.

ಸ್ವಾತಂತ್ರ್ಯ ಬಂದ ಮರುವರ್ಷ ನಮ್ಮ ಬಿಳಿ ಪಾದ್ರಿ ತನ್ನ ದೇಶಕ್ಕೆ ಹೊರಟುಹೋದ. ಬಾಗಿಲಿಗೆ ತಲೆ ತಾಗುವಂಥ ಎತ್ತರದ ಮನುಷ್ಯ. ಹೋಗುವಾಗ ತನ್ನ ಕರಿ ನಿಲುವಂಗಿಯನ್ನು, ಮುಂದೆ ಬರುವವರು ತೊಡಲಿ ಎಂದು, ಸಭೆಗೆ ಬಿಟ್ಟ. ಸೀಮೆಯ ಉಣ್ಣೆ, ಒತ್ತಾದ ನೇಯ್ಗೆ. ನಮ್ಮದು ನೇಕಾರರ ಸಭೆ. ಅಂಥ ಅರಿವೆ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೇ ಹೋಗಿ ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದೆವು.

ಇನ್ನು ಪಾದ್ರಿ ನಮ್ಮವರಲ್ಲೇ ಒಬ್ಬನಾಗಬೇಕಿತ್ತು. ಹೆಸರು ಬಂದದ್ದು ಇಬ್ಬರದು. ಒಬ್ಬರು ನಮ್ಮ ಉಪದೇಶಿಯವರು. ಶಿಗ್ಲಿ, ಬಾಳೆಹೊಸೂರ ಎಂದು ಹಳ್ಳಿಹಳ್ಳಿಗೆ ನಡೆದು ದೇವರ ವಾಕ್ಯ ಹೇಳುವವರು. ಕುಳ್ಳು, ಸಿಡುಬಿನ ಕಲೆಯ ಮುಖ, ಒಡಕು ದನಿ. ಇನ್ನೊಬ್ಬ ಧಾರವಾಡದಲ್ಲಿ ಓದಿ ಬಂದವನು. ಎತ್ತರದ ಆಳು, ಇಸ್ತ್ರಿ ಮಾಡಿದ ಕೋಟು, ಗಂಟೆಯಂಥ ಕಂಠ.

ನನ್ನ ಮನಸ್ಸು ಎತ್ತ ಇತ್ತೆಂದು ಹೇಳಬೇಕಿಲ್ಲ. ನನ್ನ ಅವ್ವ ಕಾಲರಾದಲ್ಲಿ ಸತ್ತಾಗ ಕೇರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಚಟ್ಟಕ್ಕೆ ನಾನು, ನನ್ನ ತಮ್ಮ, ಸೋದರಮಾವ; ನಾಲ್ಕನೆಯ ಹೆಗಲು ಇರಲಿಲ್ಲ. ಉಪದೇಶಿಯವರು ಬಂದು ನಿಂತರು. ನಾವು ಮೂವರೂ ಉದ್ದಾಳುಗಳು. ಅವರ ಮೂಲೆ ಕೆಳಗಿಳಿದು ಚಟ್ಟ ವಾಲಿತು. ಅವರು ತಮ್ಮ ಕಂಬಳಿಯನ್ನು ಮಡಿಸಿ ಮಡಿಸಿ ಹೆಗಲ ಮೇಲಿಟ್ಟುಕೊಂಡು ನಮ್ಮ ಎತ್ತರಕ್ಕೆ ಬಂದರು. ಗೋರಿಯ ತನಕ ಅವ್ವ ಒಂದಿಷ್ಟೂ ವಾಲಲಿಲ್ಲ.

ಆರಿಸುವ ಭಾನುವಾರ ದೇವರ ವಾಕ್ಯದ ಪ್ರಸಂಗ ಧಾರವಾಡದವನದೇ. ಎತ್ತರದ ಅಣ್ಣಂದಿರನ್ನೆಲ್ಲ ಬಿಟ್ಟು, ಕುರಿ ಕಾಯುವ ಕಿರಿಯನನ್ನು ದೇವರು ಅರಸನಾಗಿ ಆರಿಸಿದ ಕಥೆಯನ್ನೇ ಹೇಳಿದ. ಚೆನ್ನಾಗಿಯೇ ಹೇಳಿದ. ಜನ ತಲೆದೂಗಿದರು. ಆಮೇಲೆ ಸಭೆಯ ಹಿರಿಯರೊಬ್ಬರು, ನಮ್ಮ ಕೇರಿಯಲ್ಲೇ ಹೆಚ್ಚು ಮಗ್ಗಗಳಿದ್ದವರು, ಆ ಅಂಗಿಯನ್ನು ತಂದರು.

"ಇಬ್ಬರೂ ತೊಟ್ಟು ತೋರಿಸ್ರಿ. ಮಂದಿ ನೋಡ್ಲಿ."

ಉಪದೇಶಿಯವರು ತೊಟ್ಟರು. ತೋಳುಗಳಲ್ಲಿ ಕೈಗಳು ಮುಳುಗಿದವು, ಅಂಚು ನೆಲದ ಮೇಲೆ ಹಾಸಿತು. ಹಿಂದಿನಿಂದ ಯಾರೋ ಕೂಗಿದರು, "ಅಂಗಿ ಒಂದ ನಡಕೋತ ಬಂತು ನೋಡ್ರಲೇ, ಒಳಗ ಯಾರೂ ಇಲ್ಲ!"

ಸಭೆಯೆಲ್ಲ ನಕ್ಕಿತು. ಉಪದೇಶಿಯವರೂ ನಕ್ಕರು. ನನಗೆ ಅದೇ ಹೆಚ್ಚು ಚುಚ್ಚಿತು.

ಧಾರವಾಡದವನು ತೊಟ್ಟಾಗ ಅವನಿಗೇ ಹೊಲಿದಂತಿತ್ತು. ಹೆಂಗಸರ ಸಾಲಿನಿಂದ "ಏನ್ ಒಪ್ಪತೈತಿ!" ಎಂಬ ಮಾತು ಬಂತು. ನಾನು ಎದ್ದು ನಿಂತೆ.

"ಹಿರ್ಯಾರ, ಅಂಗಿ ಉದ್ದ ಆತಂದ್ರ ಕೆಳಗ ಕತ್ತರಿಸಿ ಹೊಲೀರಿ. ಕತ್ತರಿ ನಾ ತರತೀನಿ."

ಗದ್ದಲ ಎದ್ದಿತು. ನಾನು ದೇವರನ್ನು ಬೈದಿದ್ದರೂ ಅಷ್ಟು ಸಿಟ್ಟಾಗುತ್ತಿರಲಿಲ್ಲ.

"ಇಂಥಾ ಅರಿವಿಗಿ ಕತ್ತರಿ ಹಾಕೂದ? ನೇಕಾರನ ಮಗ ಆಡೂ ಮಾತೇನಲೇ ಇದು?" ಎಂದರು ಹಿರಿಯರು. "ನಾಕನೇ ಇಯತ್ತೆಗೆ ಶಾಲಿ ಬಿಟ್ಟಾಂವ ನೀ. ಸುಮ್ಮನ ಕುಂಡ್ರು."

"ಶಾಲಿ ಬಿಟ್ಟೀನ್ರಿ, ಬುದ್ಧಿ ಬಿಟ್ಟಿಲ್ಲ. ಮನುಷ್ಯಾನ ಅಳತಿಗಿ ಅಂಗಿ ಹೊಲಿಯೂದು ಕಂಡೀನಿ. ಅಂಗಿ ಅಳತಿಗಿ ಮನುಷ್ಯಾನ್ನ ಹುಡುಕೂದು ಇವತ್ತ ನೋಡಿದೆ."

ಕೈಗಳು ಎದ್ದವು, ಧಾರವಾಡದವನ ಕಡೆಗೆ. ಸಂತೆಯಲ್ಲಿ ಸೀರೆ ಕೊಳ್ಳುವಾಗ ಮೇಲ್ಮಡಿಕೆಗೆ ಮರುಳಾಗದೆ, ಒಳಮಡಿಕೆ ಬಿಚ್ಚಿ, ಗಂಜಿ ಉದುರಿಸಿ ನೋಡುವ ಕೈಗಳೇ ಅವು.

ಉಪದೇಶಿಯವರನ್ನು ಮುಂಡರಗಿಯ ಆಚೆ, ಹೊಳೆದಂಡೆಯ ಕೊರ್ಲಹಳ್ಳಿಗೆ ಕಳಿಸಿದರು. ಒಂದು ಟ್ರಂಕು, ಮೇಲೊಂದು ಕಂಬಳಿ. ಬೀಳ್ಕೊಡಲು ಹೋದವರು ನಾನು, ನನ್ನ ಹೆಂಡತಿ ಇಬ್ಬರೇ. "ನಿಮ್ಮ ಅವ್ವನ ಚಟ್ಟಕ್ಕ ಅವರ ಎತ್ತರ ಸಾಲಿತ್ತು, ಈ ಮಂದಿಯ ಅಂಗಿಗಿ ಸಾಲಲಿಲ್ಲ ನೋಡ್ರಿ," ಎಂದಳು ಅವಳು.

ಕೆಲವು ವರ್ಷ ಹೊಸ ಪಾದ್ರಿಯ ಹಾಡು ಕೇಳಿದೆವು. ಒಂದು ಬೇಸಿಗೆ ಮತ್ತೆ ಕಾಲರಾ ಬಂತು, ಈ ಸಲ ಹಿರಿಯರ ಮನೆಗೇ. ಅವರ ಹೆಂಡತಿ ಹಾಸಿಗೆ ಹಿಡಿದರು. ಪಾದ್ರಿ ಬಂದ, ಅಂಗಳದಾಚೆಯೇ ನಿಂತ, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಪ್ರಾರ್ಥನೆ ಮಾಡಿ ಹೋದ. ಹಿರಿಯರು ನನ್ನ ಮಗ್ಗದ ಕುಣಿಯ ಹತ್ತಿರ ಬಂದು ನಿಂತರು. ಹಿಂದೆಂದೂ ಬಂದವರಲ್ಲ.

"ತಮ್ಮಾ, ಕೊರ್ಲಹಳ್ಳಿಗಿ ಹೋಗಿ ಅವರನ್ನ ಕರಕೊಂಡು ಬಾರೋ."

ಹೋದೆ. ಉಪದೇಶಿಯವರು ಒಂದು ಮಾತೂ ಕೇಳದೆ ನನ್ನ ಜೊತೆ ಹೊರಟು ಬಂದರು. ಆ ತಾಯಿಗೆ ಗಂಜಿ ಕುಡಿಸಿದರು, ಹೊಲಸು ಬಳಿದು ತೆಗೆದರು. ಉಳಿಸಿಕೊಳ್ಳಲು ಆಗಲಿಲ್ಲ. ಕಂಬಳಿ ಮಡಿಸಿ ಹೆಗಲಿಗಿಟ್ಟು ಚಟ್ಟ ಹೊತ್ತರು. ಗೋರಿಯ ಹತ್ತಿರ ಹಿರಿಯರು ಅವರ ಎರಡೂ ಕೈ ಹಿಡಿದು ಅತ್ತರು. "ತಪ್ಪಾತ್ರಿ. ಇಂವ ಹೋಗ್ಲಿ, ಮುಂದ ನೀವ ನಮ್ಮ ಪಾದ್ರಿ. ಖರೆ ಹೇಳತೀನಿ." ನಾನು ಕೇಳಿಸಿಕೊಂಡೆ. ಉಪದೇಶಿಯವರೂ ಕೇಳಿಸಿಕೊಂಡರು.

ರಾಜ್ಯ ಒಂದಾದ ವರ್ಷ ಧಾರವಾಡದವನಿಗೆ ದೊಡ್ಡ ಊರಿನ ಸಭೆ ಸಿಕ್ಕಿತು, ಹೋದ. ಅಂಗಿಯನ್ನು ಮಡಿಸಿಟ್ಟೇ ಹೋದ, ಅಷ್ಟು ಒಳ್ಳೆಯತನ ಇತ್ತು. ಮತ್ತೆ ಸಭೆ ಕೂಡಿತು. ನಾನು ಎದ್ದು ಉಪದೇಶಿಯವರ ಹೆಸರು ಹೇಳಿದೆ. ಹಿರಿಯರು ನನ್ನ ಮುಖ ನೋಡಲಿಲ್ಲ.

"ಅವರು ದೇವರಂಥಾ ಮನುಷ್ಯಾ, ಯಾರು ಇಲ್ಲಂತಾರ? ಆದ್ರ ಈಗ ರಾಜ್ಯ ದೊಡ್ಡದಾಗೇತಿ. ಬೆಂಗಳೂರಿನ ಮಂದಿ ಬರತಾರ, ಹೋಗತಾರ. ಮುಂದ ನಿಲ್ಲಾಕ ಒಂದು ಚಂದನ್ನ ಮಾರಿ ಬೇಕಲ್ಲೋ ತಮ್ಮಾ."

"ಮಾರಿ ಬೇಕಂದ್ರ ಒಂದು ಗೊಂಬಿ ತಂದು ನಿಲ್ಲಸ್ರಿ. ಅನ್ನಾನೂ ಕೇಳೂದಿಲ್ಲ," ಎಂದು ಹೊರಗೆ ಬಂದೆ. ಒಳಗೆ ಕೈಗಳು ಯಾರಿಗೆ ಎದ್ದವೆಂದು ನಿಂತು ನೋಡಲಿಲ್ಲ. ಮತ್ತೊಬ್ಬ ಎತ್ತರದವನೇ ಬಂದ.

ಸುದ್ದಿಯನ್ನು ಬೇರೆಯವರು ಹೇಳುವುದು ಬೇಡವೆಂದು ನಾನೇ ಕೊರ್ಲಹಳ್ಳಿಗೆ ಹೋದೆ. ಉಪದೇಶಿಯವರು ಬಾಗಿಲಲ್ಲೇ ಕುಳಿತಿದ್ದರು. ಧಾರವಾಡದವನು ಹೋದ ಖಬರು ಅವರಿಗೆ ಮುಟ್ಟಿತ್ತು. ಪಕ್ಕದಲ್ಲಿ ಟ್ರಂಕು, ಹಗ್ಗ ಬಿಗಿದು ಸಿದ್ಧವಾಗಿತ್ತು. ಒಗೆದ ಕಂಬಳಿ ಅದರ ಮೇಲೆ.

"ಬಾ ತಮ್ಮಾ. ಯಾವಾಗ ಬರ್ರಿ ಅಂದ್ರು?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಟ್ರಂಕಿನ ಮೇಲಿನ ಕಂಬಳಿಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಅಂಗಿ?"

"ಹಂಗ ಐತ್ರಿ. ಯಾರೂ ಕತ್ತರಿ ಮುಟ್ಟಿಸಿಲ್ಲ."

"ಚಲೋ ಆತು ಬಿಡು. ಅರಿವಿ ಭಾಳ ಚಲೋದಿತ್ತು."

ಹಾಗೆಂದು ಬಗ್ಗಿ ಟ್ರಂಕಿನ ಹಗ್ಗ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಇನ್ನೊಂದು ತುದಿ ಹಿಡಿದು ನಾನು ಬಿಚ್ಚಿಕೊಟ್ಟೆ.