ಸಂದು ಕಾಯುತ್ತಿದ್ದ ಹೆಗಡೆಯವರು

ಪಂಕ್ತಿಯಲ್ಲಿ ಅಕ್ಕಿ ಬೆಲ್ಲದ ಮೆತ್ತನೆ ಸಿಹಿ ಹಾಲುಬಾಯಿ ಬಡಿಸಿದರೆ ನಾವೆಲ್ಲ ತಿನ್ನುತ್ತಿದ್ದೆವು. ಹೆಗಡೆಯವರು ಮಾತ್ರ ಅದರ ಮೇಲೆ ನೀರಿನ ಲೋಟ ಇಟ್ಟು ತಟ್ಟೆ ಅಲ್ಲಾಡಿಸುತ್ತಿದ್ದರು. "ನೋಡಿ, ತಟ್ಟೆ ಕುಣೀತು, ಲೋಟ ಬೀಳ್ತಿಲ್ಲೆ. ಭೂಕಂಪ ಆದ್ರೆ ನಮ್ಮನೆಯೂ ಹೀಂಗೇಯ!" ಎಂದು ಪಾಠ ಮುಗಿಸಿ, ಆ ಪಾಯವನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಶಿರಸಿಯಲ್ಲಿ ನಾವಿರುವ ಐದು ಅಂತಸ್ತಿನ ಕಟ್ಟಡ ಕಟ್ಟಿಸಿದ ನಿವೃತ್ತ ಎಂಜಿನಿಯರ್ ಅವರು. ಪ್ರತಿ ಕಂಬದ ಬುಡಕ್ಕೂ ರಬ್ಬರು, ಉಕ್ಕಿನ ಹಾಳೆ ಪದರ ಪದರವಾಗಿ ಸೇರಿಸಿದ ದಪ್ಪ ದಿಂಬು. ಕಟ್ಟಡದ ಸುತ್ತ ಒಂದು ಮೊಳ ಅಗಲದ ಖಾಲಿ ಸಂದು. ನೆಲ ನಡುಗಿದರೆ ದಿಂಬಿನ ಮೇಲೆ ಕಟ್ಟಡ ಅತ್ತಿತ್ತ ಸರಿಯಲು ಬಿಟ್ಟ ಜಾಗ ಅದು. "ಅಲುಗಲೆ ಬಿಟ್ರೆ ಮನೆ ಉಳೀತು, ಬಿಡದಿದ್ರೆ ಬೀಳ್ತು" ಎನ್ನುವುದು ಅವರ ನಿತ್ಯಮಂತ್ರ.

ಆದರೆ ನಮ್ಮವರಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದಲ್ಲ! ತೂತು ಹಂಡೆ, ಕಟ್ಟಿಗೆ, ಮುರಿದ ತೊಟ್ಟಿಲು ಎಲ್ಲ ಬಂದು ಸಂದು ಸೇರಿದವು. ಲಾರಿ ಇಟ್ಟಿದ್ದ ಕರೀಂ ಸಾಬರು ಹಳೇ ಟಯರು ತುರುಕಿದರು. "ಅದೂ ರಬ್ಬರು, ಇದೂ ರಬ್ಬರು. ಜೋಡಿ ಆಯ್ತಲ್ಲ ಹೆಗಡೇರೇ!" ಹೆಗಡೆಯವರು ಪಂಚೆ ಎತ್ತಿಕಟ್ಟಿ ದಿನಾ ಬೆಳಿಗ್ಗೆ ಎಲ್ಲವನ್ನೂ ಎಳೆದು ಹೊರಗೆ ಹಾಕುತ್ತಿದ್ದರು.

ಕಟ್ಟಡದವರ ಸಭೆಯಲ್ಲಿ ಸಂಘದ ಅಧ್ಯಕ್ಷ ಶಾನಭಾಗರು, "ಈ ಊರಿಗೆ ಭೂಕಂಪ ಯಾವಾಗ ಬರ್ತದೆ ಮಾರಾಯ್ರೇ?" ಎಂದು ಕೆಣಕಿದರು.

"ಹೇಳಿ ಬಪ್ಪಲೆ ಅದೆಂತ ನೆಂಟ್ರಾ?" ಎಂದರು ಹೆಗಡೆಯವರು.

ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದಾಗ ಮೂಗಿಗೆ ನಳಿಗೆ ಹಾಕಿದ್ದರು. ನನ್ನ ಕೈ ಹಿಡಿದು, "ತಂಗೀ, ಸಂದು ನೋಡ್ಕ್ಯ" ಎಂದರು. ಹೆಂಡತಿ ಮಕ್ಕಳ ಮಾತೇ ಇಲ್ಲ! ನನಗೆ ನಗುವೂ ಬಂತು, ಅಳುವೂ ಬಂತು. ಆಯಿತು ಎಂದು ಮಾತು ಕೊಟ್ಟೆ.

ಅವರು ಹೋದಾಗ ಇಡೀ ಕಟ್ಟಡವೇ ಅತ್ತಿತು, ಸುಳ್ಳಲ್ಲ. ಸಾಬರು ಕಣ್ಣೊರೆಸಿಕೊಂಡು ತಾವಾಗಿಯೇ ಟಯರು ತೆಗೆದರು. ಉಳಿದವರೂ ತಂತಮ್ಮ ಸಾಮಾನು ಒಯ್ದರು. ಸದ್ಯ, ಸತ್ತ ಮೇಲಾದರೂ ಮಾತು ಕೇಳಿದರಲ್ಲ ಎಂದುಕೊಂಡು ನಾನು ಬಿಳಗಿಯ ತವರಿಗೆ ಹೋದೆ.

ತಿರುಗಿ ಬಂದು ನೋಡಿದರೆ ಸಂದಿನ ತುಂಬ ಕಾಂಕ್ರೀಟು! ಮೇಲೆ ನುಣ್ಣನೆಯ ಗ್ರಾನೈಟಿನ ಕಟ್ಟೆ, ಅದರಲ್ಲಿ ಹೆಗಡೆಯವರ ಹೆಸರು, ಮಲ್ಲಿಗೆ ಮಾಲೆ ಬೇರೆ. ಒಡೆಯಿರಿ, ಈಗಲೇ ಒಡೆಯಿರಿ ಎಂದು ಕೂಗಾಡಿದೆ.

ಶಾನಭಾಗರಿಗೆ ನಿಜಕ್ಕೂ ನೋವಾಯಿತು. "ಛೇ, ಅವ್ರ ನೆನಪನ್ನ ಒಡೀರಿ ಅಂತೀರಲ್ಲ! ಕೈ ಇಟ್ಟು ನೋಡಿ, ಎಷ್ಟು ಗಟ್ಟಿ ಉಂಟು. ಇನ್ನು ಕಟ್ಟಡ ಒಂದು ಕೂದಲೆಳೆಯಷ್ಟೂ ಅಲುಗೂದಿಲ್ಲ."