ತೊಂಬತ್ತನಾಲ್ಕು ಬಂದ ಫೋಟೋ

ನನ್ನ ಸೋದರಮಾವ ಮೂವತ್ತೆಂಟು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಈ ವ್ಯಾಪಾರದಲ್ಲಿ ಉದ್ಧಾರವಾಗಲು ಒಂದೇ ದಾರಿ, ಬಂದವರನ್ನು ಬೆಳ್ಳಗೆ ಮಾಡಿ ಕಳಿಸುವುದು. ಮಾವ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ. ಕೇಳಿದವರಿಗೆ, "ಮನೇಲಿ ಗುರುತು ಸಿಗದೆ ಬಾಗಿಲು ಹಾಕ್ಕೊಂಡ್ರೆ ನಾನು ಜವಾಬ್ದಾರ ಅಲ್ಲ" ಎನ್ನುತ್ತಿದ್ದ. ಗಿರಾಕಿಗಳು ಎದುರಿನ ಅಂಗಡಿಗೆ ಹೋಗಿ ಬೆಳ್ಳಗಾಗುತ್ತಿದ್ದರು.

ಅತ್ತೆ ಕಪ್ಪು. ಮದುವೆಗೆ ಮುಂಚೆ ಫೋಟೋ ತೆಗೆಸಲು ಬಂದವಳನ್ನು ಮಾವ ಇದ್ದ ಹಾಗೇ ತೆಗೆದನಂತೆ. ಅದನ್ನು ನೋಡಿಯೇ ಅವಳು ಅವನನ್ನು ಒಪ್ಪಿದ್ದು.

ಇಂಥ ಮನುಷ್ಯನಿಗೆ ಅಡ್ಡ ಬಂದವಳು ನಾನು. ಆಸ್ಪತ್ರೆಯ ಕಾರ್ಡಿಗೆ ಜನ ಕಳಿಸುವ ಫೋಟೋಗಳನ್ನು ಪರೀಕ್ಷಿಸುವ ಪ್ರೋಗ್ರಾಂ ಬರೆದಿದ್ದೆ. ಚಿತ್ರದ ಪ್ರತಿ ಚುಕ್ಕಿಗೂ ಬೆಳಕಿನ ಒಂದು ಅಂಕ: ಕಡುಗಪ್ಪಿಗೆ ಸೊನ್ನೆ, ಅಚ್ಚ ಬಿಳುಪಿಗೆ ಇನ್ನೂರೈವತ್ತೈದು. ಎಲ್ಲ ಕೂಡಿಸಿ, ಚುಕ್ಕಿಗಳ ಸಂಖ್ಯೆಯಿಂದ ಭಾಗಿಸಿದಾಗ ಸರಾಸರಿ ನೂರಹತ್ತಕ್ಕಿಂತ ಕಡಿಮೆ ಬಂದರೆ ‘ಚಿತ್ರ ಮಬ್ಬಾಗಿದೆ’ ಎಂದು ವಾಪಸ್ಸು. ಹನ್ನೊಂದು ಸಾಲಿನ ಕೋಡ್. ಅದಕ್ಕೇ ನಾನು ಭಾರಿ ಜಂಬಪಟ್ಟಿದ್ದೆ.

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂತು. ಕಾರ್ಡಿಲ್ಲದೆ ಆಪರೇಷನ್ ಇಲ್ಲ. ಚೌಕಟ್ಟು ತುಂಬ ಮುಖ ಬರುವಂತೆ ಮಾವ ತೆಗೆದು ಕಳಿಸಿದ ಫೋಟೋ ಮೂರು ಸಲವೂ ವಾಪಸ್ಸಾಯಿತು. ಸರಾಸರಿ ತೊಂಬತ್ತನಾಲ್ಕು. ಅತ್ತೆ ಅಷ್ಟರಲ್ಲಿ ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ನೆಕ್ಕಿ ನೋಡುವ ಸ್ಥಿತಿಗೆ ಬಂದಿದ್ದಳು. ನೂರಹತ್ತನ್ನು ಇಳಿಸೋಣವೆಂದರೆ ಆಸ್ಪತ್ರೆಯ ಸಮಿತಿ ಸಭೆ ಸೇರಬೇಕು, ಸಭೆಗೆ ಇನ್ನೂ ಮೂರು ತಿಂಗಳಿತ್ತು.

"ಸ್ವಲ್ಪ ಬೆಳ್ಳಗೆ ಮಾಡಿ ಕಳ್ಸು ಮಾವ, ಒಂದು ನಿಮಿಷದ ಕೆಲ್ಸ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಮಾವ ಬೈಯಲಿಲ್ಲ. "ಮುಖ ಎಲ್ಲಿದೆ ಅಂತ ನಿನ್ನ ಪ್ರೋಗ್ರಾಂಗೆ ಗೊತ್ತಾಗುತ್ತೇನೇ?"

"ಇಲ್ಲ. ಗೋಡೆ, ಬಟ್ಟೆ, ಮುಖ ಎಲ್ಲ ಸೇರಿಸಿ ಲೆಕ್ಕ."

"ಹಂಗಾದ್ರೆ ಬಿಡು."

ಅತ್ತೆಯನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ, ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿದು ರಸ್ತೆಗೇ ಇಳಿದ. ಅತ್ತೆ ಕಡಲೆಕಾಳಿನಷ್ಟಾದಳು. ಸರಾಸರಿ ಇನ್ನೂರೊಂದು. ನನ್ನ ಪ್ರೋಗ್ರಾಂ ‘ಉತ್ತಮ ಚಿತ್ರ’ ಎಂದಿತು. ಆಸ್ಪತ್ರೆಯ ಗುಮಾಸ್ತ ಕಾರ್ಡಿನ ನಂಬರು ಬರೆದುಕೊಂಡ, ಫೋಟೋ ನೋಡಲೇ ಇಲ್ಲ. ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ಮರುದಿನ ಅತ್ತೆ ಕಾರ್ಡು ಹಿಡಿದು ಕೂತಳು. "ಇದ್ರಲ್ಲಿ ನಾನೆಲ್ಲಿ?"

ಮಾವ ಉಗುರಿನಿಂದ ತೋರಿಸಿದ.

"ಮೊದಲಿಂದು ಯಾಕೆ ಬೇಡ ಅಂದ್ರು?"

ಮಾವ ಕಿಟಕಿ ನೋಡಿದ. ಅತ್ತೆ ನನ್ನ ಕಡೆ ತಿರುಗಿದಳು. ಹೊಸ ಕಣ್ಣು, ತಪ್ಪಿಸಿಕೊಳ್ಳುವಂತಿರಲಿಲ್ಲ. "ನೀನು ಕಪ್ಪಗಿದೀಯ ಅಂತ, ಅತ್ತೆ" ಎಂದೆ.

"ಇಷ್ಟೇನಾ. ಇದಕ್ಕೆ ಕಂಪ್ಯೂಟರ್ ಬೇಕಿತ್ತೇನಮ್ಮ? ನಿಮ್ಮಜ್ಜಿ ಮದುವೆ ದಿನಾನೇ ಹೇಳಿದ್ರು."

ವಾಪಸ್ಸಾದ ಫೋಟೋವನ್ನು ಮಾವ ದೊಡ್ಡದು ಮಾಡಿ ಅಂಗಡಿಯ ಗಾಜಿನೊಳಗೆ ಇಟ್ಟಿದ್ದಾನೆ. ಮೂಲೆಯಲ್ಲಿ ಪೆನ್ಸಿಲಿನಿಂದ 94 ಎಂದು ಬರೆದಿದ್ದಾನೆ. ಗಿರಾಕಿಗಳು ಕೇಳಿದರೆ, "ನಮ್ಮನೆಯವಳಿಗೆ ಬಂದ ಮಾರ್ಕ್ಸು. ನೂರಹತ್ತಕ್ಕೆ ಪಾಸು. ಕೊಟ್ಟಿದ್ದು ನನ್ನ ತಂಗಿ ಮಗಳು" ಎನ್ನುತ್ತಾನೆ. ಆ ಬೀದಿಯಲ್ಲಿ ಹೋಗಬೇಕಾದರೆ ನಾನು ಆಚೆ ಬದಿಯಲ್ಲಿ ನಡೆಯುತ್ತೇನೆ.