ಹನ್ನೊಂದು ದಿನ ಹಿತ್ತಲಿನಲ್ಲಿದ್ದ ತಲಬಾಗಿಲು

ನಮ್ಮ ಮನೆಯ ತಲಬಾಗಿಲು ಹೋದ ತಿಂಗಳು ಹನ್ನೊಂದು ದಿನ ಹಿತ್ತಲಿನಲ್ಲಿತ್ತು.

ಕಳ್ಳರು ಕಿತ್ತು ಅಲ್ಲಿ ಇಟ್ಟದ್ದಲ್ಲ. ಬಡಿಗರು ಬಂದು ಕೂಡಿಸಿದ್ದೂ ಅಲ್ಲ. ಕದ, ಚೌಕಟ್ಟು, ಅಗುಳಿ ಎಲ್ಲ ಇದ್ದಲ್ಲೇ ಇದ್ದವು. ತಲಬಾಗಿಲು ಎಂಬ ಪದವಿ ಮಾತ್ರ ಮುಂದಿನಿಂದ ಹಿಂದಕ್ಕೆ ಹೋಗಿ, ಹನ್ನೊಂದು ದಿನ ಎಮ್ಮೆಯ ಪಕ್ಕದಲ್ಲಿದ್ದು, ಮತ್ತೆ ಮುಂದಕ್ಕೆ ಬಂತು. ಹೋದ ದಿನ, ಬಂದ ದಿನ ಎರಡೂ ನನ್ನ ದಿನಚರಿಯಲ್ಲಿವೆ. (ನಾನು ಎಲ್ಲವನ್ನೂ ಬರೆದಿಡುತ್ತೇನೆ. ಮನೆಯಲ್ಲಿ ನನ್ನನ್ನು ಊರ ಲೆಕ್ಕ ಬರೆಯುವ ‘ತಲಾಟಿ’ ಎಂದು ಕರೆಯುವುದು ಅದಕ್ಕೇ.)

ಇಷ್ಟೆಲ್ಲ ಏಕೆ? ನನ್ನ ತಂಗಿ ಶೈಲಾಳಿಗೆ ಎಂಟನೆಯ ಇಯತ್ತೆಯಲ್ಲಿ ಕೂರಲು ಒಂದು ಜಾಗ ಸಿಗಲೆಂದು.

ನಮ್ಮೂರಿನಲ್ಲಿರುವುದು ಒಂದೇ ಹೈಸ್ಕೂಲು. (ಊರು ಮುಂಡಗೋಡ ತಾಲೂಕಿನದು. ಹೆಸರು ಬರೆದರೆ ಅಪ್ಪ ಈ ವಾರಪತ್ರಿಕೆ ತರಿಸುವುದನ್ನೇ ನಿಲ್ಲಿಸುತ್ತಾರೆ.) ಎಂಟನೆಯ ಇಯತ್ತೆಗೆ ಒಂದು ಕೋಣೆ. ಕೋಣೆಯಲ್ಲಿ ಹತ್ತು ಬೆಂಚು. ಬೆಂಚಿಗೆ ನಾಲ್ವರು. ಅಲ್ಲಿಗೆ ನಲವತ್ತು. ಈ ವರ್ಷ ಬಂದ ಅರ್ಜಿಗಳು ಅರವತ್ತೊಂದು.

ಅಪ್ಪನ ತೀರ್ಮಾನ ಮೊದಲೇ ಆಗಿತ್ತು. “ಇಲ್ಲಿ ಸಿಕ್ರ ಓದಲಿ. ಮುಂಡಗೋಡಕ್ಕ ದಿನಾ ಬಸ್ಸಿನ್ಯಾಗ ಹೋಗಿ ಬರೂದು ನನಗ ಸೇರೂದಿಲ್ಲ. ಸಿಗಲಿಲ್ಲಂದ್ರ ಹೊಲಿಗಿ ಕಲೀಲಿ.”

ಶೈಲಾಳಿಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಗಣಿತದಲ್ಲಿ ನೂರಕ್ಕೆ ತೊಂಬತ್ತಾರು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ಅವ್ವ ಅವತ್ತು ರೊಟ್ಟಿ ಬಡಿದ ಸದ್ದು ಓಣಿಯ ತುದಿಯವರೆಗೆ ಕೇಳಿಸಿತು.

ಜೂನ್ ಮೊದಲ ಸೋಮವಾರ ಶಾಲೆಯ ನೋಟಿಸ್ ಬೋರ್ಡಿಗೆ ಎರಡು ರೂಲ್ ಅಂಟಿಸಿದರು. ಒಂದು, ಅಣ್ಣನೋ ಅಕ್ಕನೋ ಈಗ ಇದೇ ಶಾಲೆಯಲ್ಲಿ ಓದುತ್ತಿದ್ದರೆ ಅಂಥವರಿಗೆ ಮೊದಲ ಆದ್ಯತೆ. ಎರಡು, ಉಳಿದ ಜಾಗ ಶಾಲೆಗೆ ಹತ್ತಿರದ ಮನೆಯವರಿಗೆ. “ದೂರದ ಹುಡುಗ್ರು ಮಳಿಗಾಲದಾಗ ಹೊತ್ತಿಗೆ ಸರಿಯಾಗಿ ಬರೂದಿಲ್ಲ” ಎಂಬುದು ಹೆಡ್ ಮಾಸ್ತರರ ವಾದ.

ಮೊದಲ ರೂಲಿನಲ್ಲಿ ಹದಿನೇಳು ಜನ ಒಳಗೆ ಹೋದರು. ಇವರಲ್ಲಿ ಇಬ್ಬರ ಅಣ್ಣ ಮೂರು ವರ್ಷದಿಂದ ಹತ್ತನೆಯ ಇಯತ್ತೆಯಲ್ಲೇ ಕುಳಿತಿದ್ದಾನೆ. ಊರೆಲ್ಲ ಅವನಿಗೆ ಬೈದದ್ದೇ ಬೈದದ್ದು. ಈಗ ನೋಡಿ, ಒಬ್ಬನೇ ಫೇಲಾಗಿ ಇಬ್ಬರು ಅವಳಿ ತಮ್ಮಂದಿರನ್ನು ದಡ ಸೇರಿಸಿದ. ನಾನೋ, ಮೊದಲ ಸಲಕ್ಕೇ ಪಾಸಾಗಿ ನಾಲ್ಕು ವರ್ಷದ ಹಿಂದೆಯೇ ಶಾಲೆಯಿಂದ ಹೊರಬಿದ್ದವಳು.

“ನೀ ಒಂದ್ನಾಕ ವರ್ಷ ಫೇಲಾಗಿದ್ರ ಏನಾಗತಿತ್ತಕ್ಕಾ?” ಎಂದಳು ಶೈಲಾ. ನೀವೇ ಹೇಳಿ, ಏನಾಗುತ್ತಿತ್ತು?

ಉಳಿದದ್ದು ಇಪ್ಪತ್ತಮೂರು ಜಾಗ, ನಲವತ್ನಾಲ್ಕು ಮಕ್ಕಳು. ಇನ್ನು ಅಳೆಯಬೇಕು.

ಅಳೆಯುವುದು ಹೇಗೆ? ಶಾಲೆಯ ಜವಾನ ಹಣಮಂತಣ್ಣನ ಸೈಕಲ್ಲಿನ ಮುಂದಿನ ಗಾಲಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿದರು. ಶಾಲೆಯ ಗೇಟಿನಿಂದ ಪ್ರತಿ ಮನೆಯ ಬಾಗಿಲವರೆಗೆ ಅವನು ಸೈಕಲ್ ನೂಕಿಕೊಂಡು ಹೋಗಬೇಕು, ಕೆಂಪು ಚೂರು ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಬೇಕು. ಬರೆದುಕೊಳ್ಳಲು ಊರಿನ ಏಕಮಾತ್ರ ತಲಾಟಿ, ಅಂದರೆ ನಾನು. (ನಮ್ಮ ಮನೆ ಬಂದಾಗ ನನ್ನ ಕೈಯಿಂದ ವಹಿ ಕಸಿದು ಹೆಡ್ ಮಾಸ್ತರರೇ ಬರೆದರು. ಸರಿಯಾಗಿಯೇ ಮಾಡಿದರು.)

ಎಣಿಸುವವನನ್ನು ಮಾತಾಡಿಸಬಾರದು ಎಂಬುದು ನಮ್ಮೂರಿನವರಿಗೆ ಎಲ್ಲಿಂದ ಗೊತ್ತಾಗಬೇಕು?

“ಇನ್ನೂರಾ ಹದಿನೆಂಟ, ಇನ್ನೂರಾ ಹತ್ತೊಂಬತ್ತ...”

“ಹಣಮಂತಣ್ಣ, ಚಾ ಕುಡದ ಹೋಗು ಬಾ.”

“ಇನ್ನೂರಾ... ಒಲ್ಲೆಬೇ ಯವ್ವಾ... ಎಷ್ಟಕ್ಕ ಬಂದಿದ್ದೆ?”

ಮತ್ತೆ ಗೇಟಿಗೆ. ಮಗನಿಗಾಗಿ ಅರ್ಜಿ ಹಾಕಿದ್ದ ನಮ್ಮ ನೆರೆಮನೆಯ ಗಂಗವ್ವ ಕಾಕುವಿನ ಮನೆಯನ್ನು ನಾಲ್ಕು ಸಲ ಅಳೆಯಬೇಕಾಯಿತು. ನಾಲ್ಕನೆಯ ಸಲ ಕಾಕು ಬಾಯಿ ಬಿಗಿಹಿಡಿದು ನಿಂತಿದ್ದಳು. ಎಣಿಕೆ ಮುಗಿಯಲು ಹತ್ತು ಸುತ್ತು ಬಾಕಿ ಇರುವಾಗ ಹಣಮಂತಣ್ಣನೇ ಕೇಳಿದ, “ಕಾಕೂ, ಚಾ ಇಟ್ಟೀಯೇನು?”

ನಮ್ಮ ಮನೆ ನಾನೂರಾ ಹನ್ನೆರಡು ಸುತ್ತು. ಸಾಲಿನಲ್ಲಿ ಇಪ್ಪತ್ತಾರನೆಯದು. ಬೇಕಾದದ್ದು ಇಪ್ಪತ್ತಮೂರು. ಮೂರೇ ಮನೆಯಿಂದ ಶೈಲಾ ಹೊಲಿಗೆಯ ಕಡೆ ಜಾರಿದಳು.

ಆಗ ಗಂಗವ್ವ ಕಾಕುವಿನ ಬುದ್ಧಿ ಚುರುಕಾಯಿತು. ನಮ್ಮ ಓಣಿಯ ಮನೆಗಳ ಮುಂಭಾಗ ಬಸ್ ಸ್ಟ್ಯಾಂಡಿನ ಕಡೆಗೆ, ಹಿಂಭಾಗ ಶಾಲೆಯ ಕಡೆಗೆ. ಹಿತ್ತಲ ಹಾದಿಯಿಂದ ಹೋದರೆ ನಲವತ್ತು ಸುತ್ತು ಉಳಿಯುತ್ತದೆ. ಕಾಕು ಹೆಡ್ ಮಾಸ್ತರರ ಮುಂದೆ ನಿಂತು, “ನಮ್ಮ ತಲಬಾಗಿಲ ಹಿಂದ ಐತ್ರಿ, ನೀವು ಹಿತ್ತಲಾ ಅಳದೀರಿ” ಎಂದಳು.

ಹೆಡ್ ಮಾಸ್ತರರಿಗೆ ತಲೆ ತಿರುಗಿತು. ಎರಡನೆಯ ವಾರದ ಗುರುವಾರ ಸಂಜೆ ಶಾಲೆಯ ಕಟ್ಟೆಯ ಮೇಲೆ ಕಮಿಟಿ ಕೂಡಿತು, ನಡಾವಳಿ ಬರೆಯಲು ಮತ್ತೆ ನಾನೇ. ಯಾವುದು ತಲಬಾಗಿಲು? ದೊಡ್ಡದೇ? ಪೂರ್ವಕ್ಕಿರುವುದೇ? ಕಮಿಟಿಯ ಚೇರ್ಮನ್ನರು ಎಪ್ಪತ್ತು ದಾಟಿದ ಗೌಡರು. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ನ್ಯಾಯ ಹೇಳಿದರು:

“ಹೊಸ್ತಿಲ ಪೂಜಿ ಎಲ್ಲಿ ಮಾಡ್ತೀರಿ, ಅದ ತಲಬಾಗಿಲ. ದೇವ್ರ ವಿಷಯದಾಗ ಯಾರೂ ಸುಳ್ಳ ಮಾಡೂದಿಲ್ಲ.”

“ಪೂಜಿ ಮಾಡದವ್ರು?” ಯಾರೋ ಕೇಳಿದರು.

“ಚಪ್ಪಲಿ ಎಲ್ಲಿ ಬಿಡ್ತೀರಿ, ಅದು.”

ಹಿಂದೆ ನಿಂತಿದ್ದ ಬಸ್ತ್ಯಾಂವ ಕೈ ಎತ್ತಿದ. ಅಡವಿಯಂಚಿನ ಹಳ್ಳಿಯವನು, ಸಿದ್ದಿ ಜನಾಂಗದವನು. ಮಗಳು ರೋಸಾಳ ಅರ್ಜಿಯ ಸಲುವಾಗಿ ಏಳು ಕಿಲೋಮೀಟರ್ ನಡೆದು ಬಂದಿದ್ದ. “ಗೌಡ್ರ, ನಮ್ಮ ಮನಿಗಿ ಇರೂದ ಒಂದ ಬಾಗಿಲ. ಚಪ್ಪಲಿ ಇಲ್ಲ. ನಮ್ಮದು ಹೆಂಗ್ರಿ?”

“ನಿಂದು ಏಳು ಕಿಲೋಮೀಟರ್ ಐತೆಪಾ. ಬಾಗಿಲ ಎಲ್ಲಿದ್ರೂ ಅಷ್ಟ.”

“ಅಲ್ರೀ, ದೂರ ಅಂತೀರಿ. ನಾವು ಮೊದಲಿಂದ ಅಲ್ಲೇ ಅದೇವಿ. ಸಾಲೀನ ತಂದು ದೂರ ಕಟ್ಟಿದವ್ರು ನೀವು.”

ಇದನ್ನು ನಡಾವಳಿಯಲ್ಲಿ ಬರೆಯಬೇಕೇ ಎಂದು ಕೇಳಿದೆ. ಬೇಡ ಅಂದರು. ದಿನಚರಿಯಲ್ಲಿ ಬರೆದೆ.

ದೇವರ ವಿಷಯದಲ್ಲಿ ಯಾರೂ ಸುಳ್ಳು ಮಾಡುವುದಿಲ್ಲವಂತೆ. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಅರಿಸಿನ ಕುಂಕುಮದ ತಟ್ಟೆ ಹಿಡಿದು ಹಿತ್ತಲ ಕಡೆ ಹೊರಟಿದ್ದಳು.

“ಅಲ್ಲೆಲ್ಲಿ ಹೊಂಟಿ? ಅಲ್ಲಿ ಎಮ್ಮಿ ಐತಿ” ಎಂದರು ಅಪ್ಪ.

“ಎಮ್ಮಿ ಸರಸ್ರಿ.”

“ಆ ಬಾಗಿಲ ದಕ್ಷಿಣಕ್ಕ ಐತಿ!”

“ಸಾಲೀನೂ ದಕ್ಷಿಣಕ್ಕ ಐತಿ.”

ಅಪ್ಪ ಎಮ್ಮೆ ಸರಿಸಿದರು.

ಹೊಸ ಹೊಸ್ತಿಲಿಗೆ ರಂಗೋಲಿ ಬಿತ್ತು, ಮಾವಿನೆಲೆಯ ತೋರಣ ಏರಿತು. ತೋರಣವನ್ನು ಎಮ್ಮೆ ತಿಂದಿತು. (ಒಟ್ಟು ಮೂರು ಸಲ.) ನಾನು ಮಾಳಿಗೆ ಹತ್ತಿ ಓಣಿಯನ್ನು ಎಣಿಸಿದೆ. ಹತ್ತೊಂಬತ್ತು ಮನೆಗಳಲ್ಲಿ ಹದಿನಾಲ್ಕರ ತಲಬಾಗಿಲು ರಾತ್ರೋರಾತ್ರಿ ಹಿಂದಕ್ಕೆ ಹೋಗಿತ್ತು. ಪೋಸ್ಟ್‌ಮನ್ ಮುಂದಿನ ಬಾಗಿಲು ಬಡಿದೂ ಬಡಿದೂ ಸುಸ್ತಾಗಿ, ಎಲ್ಲರ ಪತ್ರಗಳನ್ನೂ ಹಿಟ್ಟಿನ ಗಿರಣಿಯಲ್ಲಿ ಕೊಟ್ಟು ಹೋದ.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಆ ಭಾನುವಾರ ನನ್ನನ್ನು ನೋಡಲು ಹಳಿಯಾಳದಿಂದ ಗಂಡಿನ ಕಡೆಯವರು ಬಂದರು. ಐದು ಜನ. ಮುಂದಿನ ಬಾಗಿಲು ಬಡಿದರು. ಒಳಗಿನಿಂದ ಅವ್ವ ಕೂಗಿದಳು, “ಹಿಂದಿಂದ ಬರ್ರಿ!”

ಬಂದರು. ತಿಪ್ಪೆ ದಾಟಿ, ಬಚ್ಚಲ ಒಲೆ ಬಳಸಿ, ಎಮ್ಮೆಯ ಬಾಲ ತಪ್ಪಿಸಿಕೊಂಡು, ರೇಷ್ಮೆ ಸೀರೆ ಮೊಣಕಾಲವರೆಗೆ ಎತ್ತಿ ಹಿಡಿದು ಬಂದರು. ಗಂಡಿನ ತಾಯಿ ಮೂಗಿಗೆ ಸೆರಗು ಒತ್ತಿಕೊಂಡೇ ಕೇಳಿದರು, “ಇದೇನ್ರೀ ಯಜಮಾನ್ರ, ಹಿತ್ತಲಿಂದ ಕರದ್ರಿ?”

ಅಪ್ಪ ನಿಜ ಹೇಳಿಬಿಡುತ್ತಿದ್ದರು. ಅದೇ ಹೊತ್ತಿಗೆ ಹಿತ್ತಲ ಬೇಲಿಯಾಚೆ ಹಣಮಂತಣ್ಣ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ. ಮರುಎಣಿಕೆಗೆ ಬಂದವನು. ಅವನ ಜೊತೆ ಹೆಡ್ ಮಾಸ್ತರರೂ ಇದ್ದರು. ಅಪ್ಪ ಅವರನ್ನು ನೋಡಿದರು, ಅವ್ವನನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

“ಹಿತ್ತಲಲ್ರೀ. ಇದ ನಮ್ಮ ತಲಬಾಗಿಲ.”

“ಮತ್ತ ಆ ಮುಂದಿಂದು?”

“ಅದು ಹಿತ್ತಲರಿ.”

ಆಕೆ ಒಮ್ಮೆ ಮನೆಯ ಉದ್ದಕ್ಕೂ ಇಣುಕಿ ಆಚೆಯ ಬೀದಿಯನ್ನು ನೋಡಿದರು. “ಹಿತ್ತಲದಾಗ ಬಸ್ ಸ್ಟ್ಯಾಂಡ್ ಇರೂ ಮನಿ ಇದ ಮೊದಲ ನೋಡಿದ್ದರಿ ನಾ” ಎಂದರು.

ಐದು ತಟ್ಟೆ ಶಿರಾ ಖಾಲಿಯಾಯಿತು. ಆಮೇಲೆ ಹಳಿಯಾಳದಿಂದ ಸುದ್ದಿ ಬರಲಿಲ್ಲ. (ಗಂಡು ಬಾಯಿ ಬಿಟ್ಟದ್ದು ಎರಡೇ ಸಲ, ಎರಡು ಸಲವೂ ಶಿರಾಕ್ಕೆ. ನನಗೇನೂ ನಷ್ಟವಿಲ್ಲ.) ಅಪ್ಪ ಮಾತ್ರ ಎರಡು ದಿನ ಅವ್ವನ ಜೊತೆ ಮಾತು ಬಿಟ್ಟರು. “ದೊಡ್ಡಾಕೀ ಮದವಿ ಕೆಡಿಸಿ ಸಣ್ಣಾಕೀನ ಸಾಲಿಗಿ ಹಾಕ್ತೀಯೇನು?” ಎಂದು ಎಮ್ಮೆಯನ್ನು ಕೇಳುತ್ತಿದ್ದರು.

ಮಂಗಳವಾರ ಹೊಸ ಪಟ್ಟಿ ಬಂತು. ನಮ್ಮ ಮನೆ ಮುನ್ನೂರಾ ಎಪ್ಪತ್ತೊಂದು ಸುತ್ತು. ನಲವತ್ತೊಂದು ಸುತ್ತು ಹತ್ತಿರ ಬಂದಿದ್ದೆವು! ಸಾಲಿನಲ್ಲಿ ಎಷ್ಟನೆಯದು?

ಇಪ್ಪತ್ತೇಳು.

ಮೊದಲು ಇಪ್ಪತ್ತಾರು ಇತ್ತು, ನೆನಪಿದೆಯಲ್ಲ? ನಾವು ಹತ್ತಿರ ಬಂದಷ್ಟೇ ಎಲ್ಲರೂ ಹತ್ತಿರ ಬಂದಿದ್ದರು. ಗಂಗವ್ವ ಕಾಕು ಹಿತ್ತಲಿನ ಬೇಲಿಯನ್ನೇ ಕಿತ್ತು, ಹಾದಿಯನ್ನು ಇನ್ನೂ ಗಿಡ್ಡ ಮಾಡಿ, ನಮ್ಮನ್ನು ದಾಟಿ ಹೋಗಿದ್ದಳು. ಇಡೀ ಓಣಿ ತಿರುಗಿ ನಿಂತರೂ ಬೆಂಚು ಹತ್ತೇ. ಇದು ಮೊದಲೇ ನನಗೆ ಹೊಳೆಯಬೇಕಿತ್ತು. ಲೆಕ್ಕದವಳು ನಾನು. ಎಮ್ಮೆಯ ತೋರಣ ಎಣಿಸುತ್ತ ಕುಳಿತಿದ್ದೆ.

ಶೈಲಾ ಪಟ್ಟಿ ಓದಿ ಮನೆಗೆ ಬಂದು, ತನ್ನ ಏಳನೆಯ ಇಯತ್ತೆಯ ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ಅಪ್ಪ ಹೊಲಿಗೆ ಕ್ಲಾಸಿನ ಟೀಚರನ್ನು ವಿಚಾರಿಸಿ ಬಂದರು. ಸೋಮವಾರದಿಂದ ಬರಲಿ ಅಂದಿದ್ದರಂತೆ.

ಶನಿವಾರ ಕಮಿಟಿಯ ಕೊನೆಯ ಸಭೆ. ಪಟ್ಟಿಗೆ ಸಹಿ ಬಿದ್ದರೆ ಮುಗಿಯಿತು. ಇದುವರೆಗೆ ಶಾಲೆಯ ಕಟ್ಟೆ ಹತ್ತದ ಅವ್ವ ಅವತ್ತು ಹೋಗಿ ಕಂಬಕ್ಕೆ ಒರಗಿ ನಿಂತಳು. ಬಸ್ತ್ಯಾಂವನೂ ಬಂದಿದ್ದ. ಗೌಡರು ಪೆನ್ನಿನ ಮುಚ್ಚಳ ತೆಗೆದರು.

“ಸರ್, ಒಂದ ಮಾತ. ಆ ಖೋಲಿ ಎಷ್ಟ ಮಂದೀ ಹಿಡಸ್ತೈತ್ರಿ?” ಬಸ್ತ್ಯಾಂವ ಕೇಳಿದ.

“ಖೋಲಿ ಅರವತ್ತು ಹಿಡಸ್ತೈತಿ. ಬೆಂಚ್ ಹತ್ತ ಅದಾವಲ್ಲ” ಎಂದರು ಹೆಡ್ ಮಾಸ್ತರರು.

“ಹುಡುಗ್ರು ಕುಂದ್ರೂದು ಬೆಂಚಿನ ಮ್ಯಾಲಲ್ರೀ, ಕುಂಡಿ ಮ್ಯಾಲ. ಅದನ್ನ ಎಲ್ಲಾರೂ ಮನಿಯಿಂದ ತರ್ತಾರ.”

ಕಟ್ಟೆಯೆಲ್ಲ ನಕ್ಕಿತು. ಅವ್ವ ನಗಲಿಲ್ಲ. “ಹೌದಲ್ರೀ ಸರ್. ಊಟಕ್ಕ ಮಣಿ ಹಾಕ್ಕೊಂಡು ಕುಂದರ್ತಾವು, ಪಾಠಕ್ಕ ಕುಂದ್ರೂದಿಲ್ಲೇನು? ನಮ್ಮ ಹುಡುಗಿ ಮಣಿ ತರ್ತಾಳ.”

“ಇನ್ಸ್‌ಪೆಕ್ಟರು ಬಂದ್ರ?” ಹೆಡ್ ಮಾಸ್ತರರು ತೊದಲಿದರು.

“ಅವ್ರಿಗೂ ಒಂದ ಮಣಿ ಹಾಕ್ರಿ” ಎಂದು ಗೌಡರು ಪೆನ್ನಿನ ಮುಚ್ಚಳ ಮುಚ್ಚಿದರು.

ಅಷ್ಟೇ. ಮೂರು ವಾರದ ಗಾಲಿ, ಗೇಟು, ಹೊಸ್ತಿಲು, ಚಪ್ಪಲಿ ಎಲ್ಲ ಒಂದು ಊಟದ ಮಣೆಯ ಮೇಲೆ ಮುಗಿಯಿತು. ಅರವತ್ತೊಂದರಲ್ಲಿ ಇಬ್ಬರು ಅಷ್ಟರಲ್ಲೇ ಮುಂಡಗೋಡಕ್ಕೆ ಸೇರಿಬಿಟ್ಟಿದ್ದರು. ಉಳಿದ ಐವತ್ತೊಂಬತ್ತು ಮಂದಿಯೂ ಒಳಗೆ. ಭಾನುವಾರ ಮಧ್ಯಾಹ್ನ ಶೈಲಾ ಅಟ್ಟ ಹತ್ತಿ ಗಂಟು ಇಳಿಸಿದಳು. ಮಂಗಳವಾರ ಬೆಳಿಗ್ಗೆ ಅವ್ವ ಮುಂದಿನ ಹೊಸ್ತಿಲಿಗೇ ಕುಂಕುಮ ಹಚ್ಚಿದಳು. ಮನೆಯಲ್ಲಿ ಊಟಕ್ಕೆ ಒಂದು ಮಣೆ ಕಡಿಮೆಯಾಗಿದೆ. ಅಪ್ಪ ಬರಿನೆಲದ ಮೇಲೆ ಕೂರುತ್ತಾರೆ, ಗೊಣಗುತ್ತಾರೆ, ರೊಟ್ಟಿ ಮಾತ್ರ ಒಂದೂ ಕಡಿಮೆ ತಿಂದಿಲ್ಲ.

ಈಗ ಶಾಲೆಯಲ್ಲಿ ಹೊಸ ರೂಲ್. ಮೊದಲು ಬಂದ ನಲವತ್ತು ಮಂದಿಗೆ ಬೆಂಚು, ಆಮೇಲೆ ಬಂದವರಿಗೆ ಮಣೆ. ನಾನು ಸುಮ್ಮನಿರುತ್ತೇನೆಯೇ? ದಿನಾ ಸಂಜೆ ಶೈಲಾಳನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಶಾಲೆ ನಡೆದದ್ದು ಇಪ್ಪತ್ನಾಲ್ಕು ದಿನ. ಬಸ್ತ್ಯಾಂವನ ಮಗಳು ರೋಸಾ ಮಳೆಯಲ್ಲಿ, ಎಲೆಯಿಂದ ಹೆಣೆದ ಗೊರಬು ಹೊದ್ದು, ಏಳು ಕಿಲೋಮೀಟರ್ ನಡೆದು, ಗಂಟೆ ಬಾರಿಸಲು ಅರ್ಧ ತಾಸು ಇರುವಾಗಲೇ ಬರುತ್ತಾಳೆ. ಇಪ್ಪತ್ನಾಲ್ಕು ದಿನವೂ ಮೊದಲ ಬೆಂಚು. ನಮ್ಮ ಶೈಲಾ ಬೆಂಚಿನ ಮೇಲೆ ಕುಳಿತದ್ದು ಎರಡು ದಿನ. ತಡವಾಗಿ ಹೋಗಿ ಬಾಗಿಲ ಹೊರಗೆ ನಿಂತದ್ದು ಹದಿನೇಳು ದಿನ. ಬೈದರೆ ಜಡೆ ಹಾಕಿಕೊಳ್ಳುತ್ತ ಅನ್ನುತ್ತಾಳೆ, “ಗಂಟಿ ಮನಿಗೇ ಕೇಳಸ್ತೈತಲ್ಲಕ್ಕಾ, ಕೇಳಿದ ಮ್ಯಾಲ ಹೊಂಟ್ರಾತು.” ಗಂಗವ್ವ ಕಾಕುವಿನ ಮಗ ಅವಳಿಗಿಂತ ಹಿಂದೆ.

ಹೊತ್ತಿಗೆ ಸರಿಯಾಗಿ ಬರುವವರಿಗೇ ಆದ್ಯತೆ ಕೊಡುವುದಾಗಿದ್ದರೆ, ಹೆಡ್ ಮಾಸ್ತರರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕಿತ್ತಲ್ಲವೇ?